ಪ್ರಶ್ನೋತ್ತರ: ಮೆಟಲ್ ನುಡಿಸಲು ಶ್ರುತಿ ಇಳಿಸಿದ ಆರು ತಂತಿಯೋ, ಏಳು-ಎಂಟು ತಂತಿಯ ಗಿಟಾರೋ?

ಗಿಟಾರ್ ದುರಸ್ತಿ ಮತ್ತು ಸೆಟಪ್ ಕೆಲಸವನ್ನೇ ವೃತ್ತಿಯಾಗಿ ಮಾಡುತ್ತಿರುವ ನಮ್ಮ ಗುಂಪಿನ ಹಿರಿಯ ಸದಸ್ಯರು ಈ ವಾರದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ನಮಸ್ಕಾರ ಸರ್. ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ನನ್ನ ಬಳಿ 25.5 ಇಂಚು ಸ್ಕೇಲಿನ (ತಂತಿ ಕಂಪಿಸುವ ಭಾಗದ ಉದ್ದ), ಫಿಕ್ಸೆಡ್ ಬ್ರಿಡ್ಜ್ (ಅಲುಗದ ಬ್ರಿಡ್ಜ್) ಇರುವ ಆರು ತಂತಿಯ ಗಿಟಾರ್ ಇದೆ. 10–46ರ ಸೆಟ್ (ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ ತಂತಿಗಳ ದಪ್ಪ) ಹಾಕಿದ್ದೇನೆ. ನಮ್ಮ ಬ್ಯಾಂಡಿನ ಹೊಸ ಹಾಡುಗಳಿಗಾಗಿ ದಪ್ಪ ತಂತಿಯನ್ನು ಇ (E) ಸ್ವರದಿಂದ ಬಿ (B) ಸ್ವರದವರೆಗೆ ಇಳಿಸಿದರೆ ಅದು ಸಡಿಲವಾಗಿ ಫ್ರೆಟ್‌ಗಳಿಗೆ ಬಡಿಯುತ್ತದೆ, ಜೋರಾಗಿ ಮೀಟಿದ ಕೂಡಲೇ ಶ್ರುತಿ ಮೇಲಕ್ಕೆ ಹೋಗಿ ಮತ್ತೆ ಇಳಿಯುತ್ತದೆ. ಏಳು ತಂತಿಯ ಗಿಟಾರ್ ಕೊಳ್ಳದೆ ಬೇರೆ ದಾರಿಯಿಲ್ಲ ಎನ್ನುತ್ತಾರೆ ಗೆಳೆಯರು. ಇದು ನಿಜವೇ?

ಉತ್ತರ: ನಿಜವಲ್ಲ. ನಿಮ್ಮ ತೊಂದರೆ ಇರುವುದು ತಂತಿಗಳ ಸಂಖ್ಯೆಯಲ್ಲಲ್ಲ, ತಂತಿಯ ಬಿಗಿತದಲ್ಲಿ. ಆ ಬಿಗಿತವನ್ನು ನಿರ್ಧರಿಸುವುದು ತಂತಿಯ ತೂಕ, ನಟ್‌ನಿಂದ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸ್ಯಾಡಲ್‌ವರೆಗಿನ (ಬ್ರಿಡ್ಜಿನ ಮೇಲೆ ತಂತಿ ಕೂರುವ ಭಾಗ) ಅದರ ಉದ್ದ ಮತ್ತು ನೀವು ಕೂಡಿಸುವ ಸ್ವರದ ಕಂಪನ ಸಂಖ್ಯೆ. ಇವುಗಳಲ್ಲಿ ಉದ್ದ ಮತ್ತು ಕಂಪನ ಸಂಖ್ಯೆಗಳ ಪ್ರಭಾವ ವರ್ಗದ (ಸಂಖ್ಯೆಯನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಬೀಳುವುದರಿಂದ, ಸ್ವರ ಸ್ವಲ್ಪವೇ ಇಳಿದರೂ ಬಿಗಿತ ಬಹಳ ಇಳಿಯುತ್ತದೆ. ಇ ಸ್ವರ 82.4 ಹರ್ಟ್ಜ್, ಅದರ ಕೆಳಗಿನ ಬಿ 61.7 ಹರ್ಟ್ಜ್. ಕಂಪನ ಸಂಖ್ಯೆ ಮುಕ್ಕಾಲು ಭಾಗಕ್ಕೆ ಇಳಿದಾಗ ಬಿಗಿತ ಶೇ. 56ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ 46ರ ತಂತಿ ಇ ಸ್ವರದಲ್ಲಿ ಸುಮಾರು 17.5 ಪೌಂಡ್ ಬಿಗಿತದಲ್ಲಿರುತ್ತದೆ. ಅದೇ ತಂತಿಯನ್ನು ಬಿ ಸ್ವರಕ್ಕೆ ಇಳಿಸಿದರೆ ಉಳಿಯುವುದು 10 ಪೌಂಡಿಗಿಂತಲೂ ಕಡಿಮೆ. ಅಷ್ಟು ಸಡಿಲವಾದ ತಂತಿ ಪಿಕ್ಕಿನ ಪೆಟ್ಟಿಗೆ ಅಗಲವಾಗಿ ತೂಗಾಡುತ್ತದೆ, ಆ ತೂಗಾಟದಿಂದ ತಾನೇ ಹಿಗ್ಗುತ್ತದೆ, ಹಿಗ್ಗಿದ ಕ್ಷಣದಲ್ಲಿ ಸ್ವರ ಏರುತ್ತದೆ. ನಿಮ್ಮ ಕಿವಿಗೆ ಬಿದ್ದಿರುವುದು ಇದೇ.

ಅದರ ಬದಲು 60ರ ಆಸುಪಾಸಿನ ತಂತಿಯನ್ನು ಹಾಕಿದರೆ ಬಿ ಸ್ವರದಲ್ಲಿಯೇ 16–17 ಪೌಂಡ್ ಬಿಗಿತ ಸಿಗುತ್ತದೆ. ಗೆಳೆಯರು ಹೇಳಿದ ಏಳು ತಂತಿಯ ಗಿಟಾರಿನ ಸ್ಕೇಲ್ ಕೂಡ 25.5 ಇಂಚೇ ಆಗಿದ್ದರೆ, ಅದರ ಏಳನೆಯ ತಂತಿಗೂ ನೀವು ಹಾಕುವುದು ಇದೇ ದಪ್ಪದ ತಂತಿಯನ್ನು, ಅಲ್ಲಿ ಸಿಗುವುದೂ ಇದೇ ಬಿಗಿತ. ಇಂಗ್ಲೆಂಡಿನ ಕಾರ್ಕಸ್ ಎಂಬ ಮೆಟಲ್ ಬ್ಯಾಂಡ್ ಆರು ತಂತಿಯ ಗಿಟಾರುಗಳನ್ನೇ ಬಿ ಶ್ರುತಿಗೆ ಇಳಿಸಿ ನುಡಿಸುತ್ತ ಬಂದಿದೆ.

ಆದರೆ ದಪ್ಪ ಸೆಟ್ ತಂದು ನೀವೇ ಹಾಕಿಬಿಟ್ಟರೆ ಕೆಲಸ ಮುಗಿಯಿತೆಂದು ದಯವಿಟ್ಟು ಭಾವಿಸಬೇಡಿ. 46ರ ತಂತಿಗೆಂದು ಕೊರೆದ ನಟ್‌ನ ಕಚ್ಚಿನಲ್ಲಿ 60ರ ತಂತಿ ಕೂರುವುದಿಲ್ಲ. ಮೇಲೆಯೇ ಸಿಕ್ಕಿಕೊಂಡು, ಟ್ಯೂನ್ ಮಾಡುವಾಗ ಟಕ್ಕೆಂದು ಜಿಗಿಯುತ್ತದೆ, ಮೊದಲ ಫ್ರೆಟ್‌ನಲ್ಲಿ ಒತ್ತಿದ ಸ್ವರ ಏರಿ ಕೇಳಿಸುತ್ತದೆ. ಆ ಕಚ್ಚನ್ನು ಸರಿಯಾದ ಅಗಲದ ಅರದಿಂದ ಉಜ್ಜಿಸಬೇಕು. ಒಟ್ಟು ಬಿಗಿತ ಬದಲಾಗುವುದರಿಂದ ನೆಕ್‌ನ ಬಾಗು ನೋಡಿ ಟ್ರಸ್ ರಾಡ್ (ಆ ಬಾಗನ್ನು ಹೊಂದಿಸುವ, ನೆಕ್ ಒಳಗಿನ ಸರಳು) ತಿರುಗಿಸಬೇಕು. ಕೊನೆಯದಾಗಿ ಇಂಟೋನೇಶನ್ (ಪ್ರತಿ ಫ್ರೆಟ್‌ನಲ್ಲಿಯೂ ಸ್ವರ ಸರಿಯಾಗಿ ನುಡಿಯುವಂತೆ ಹೊಂದಿಸುವುದು): ದಪ್ಪ ತಂತಿ ಪೆಡಸಾಗಿರುವುದರಿಂದ ಹನ್ನೆರಡನೆಯ ಫ್ರೆಟ್‌ನಲ್ಲಿ ಸ್ವರ ಏರಿರುತ್ತದೆ, ಸ್ಯಾಡಲನ್ನು ಹಿಂದಕ್ಕೆ ಸರಿಸಬೇಕಾಗುತ್ತದೆ, ಕೆಲವೊಮ್ಮೆ ಸ್ಕ್ರೂ ಮುಗಿದರೂ ಜಾಗ ಸಾಲುವುದಿಲ್ಲ. ಅಂಥಲ್ಲಿ ಸ್ಯಾಡಲ್ ಹಿಂದಿನ ಸ್ಪ್ರಿಂಗನ್ನು ತೆಗೆದುಬಿಟ್ಟರೆ ಇನ್ನಷ್ಟು ಸರಿಸಲು ಅವಕಾಶ ಸಿಗುತ್ತದೆ. ತಂತಿಯ ಎಳೆತವೇ ಸ್ಯಾಡಲನ್ನು ಹಿಡಿದು ನಿಲ್ಲಿಸುತ್ತದೆ. ಇಷ್ಟೆಲ್ಲ ಮಾಡಿದ ಗಿಟಾರನ್ನು ಮತ್ತೆ ಇ ಶ್ರುತಿಗೆ ಏರಿಸುವ ಯೋಚನೆ ಬೇಡ. ಅದನ್ನು ಬಿ ಶ್ರುತಿಗೇ ಮೀಸಲಿಡಿ.

ಪ್ರಶ್ನೆ (ಅದೇ ಸದಸ್ಯರು): ಧನ್ಯವಾದಗಳು ಸರ್. ಹಾಗಾದರೆ ಏಳು ತಂತಿಯ ಗಿಟಾರ್ ಯಾರಿಗೆ ಬೇಕು?

ಉತ್ತರ: ಕೆಳಗಿನ ಸ್ವರಗಳು ಬೇಕು, ಮೇಲಿನವನ್ನೂ ಬಿಟ್ಟುಕೊಡಲಾರೆ ಎನ್ನುವವರಿಗೆ ಬೇಕು. ಆರು ತಂತಿಯನ್ನು ಬಿ ಶ್ರುತಿಗೆ ಇಳಿಸಿದಾಗ ಎಲ್ಲ ತಂತಿಗಳೂ ಒಟ್ಟಿಗೆ ಇಳಿಯುತ್ತವೆ. ಸಣ್ಣ ತಂತಿಯೂ ಇ ಬದಲು ಬಿ ಆಗುತ್ತದೆ, ಸೋಲೋ ನುಡಿಸುವಾಗ ತುದಿಯ ಐದು ಸ್ವರಸ್ಥಾನಗಳು ಕೈತಪ್ಪುತ್ತವೆ. ಏಳು ತಂತಿಯಲ್ಲಿ ಪರಿಚಿತವಾದ ಆರೂ ತಂತಿಗಳು ಇದ್ದಲ್ಲಿಯೇ ಇರುತ್ತವೆ, ಅವುಗಳ ಕೆಳಗೆ ಒಂದು ಬಿ ಸೇರುತ್ತದೆ. 1990ರಲ್ಲಿ ಗಿಟಾರ್ ವಾದಕ ಸ್ಟೀವ್ ವಾಯ್ ಅವರಿಗಾಗಿ ಐಬನೆಜ್ ಕಂಪನಿ ಯೂನಿವರ್ಸ್ ಎಂಬ ಏಳು ತಂತಿಯ ಮಾದರಿಯನ್ನು ಮಾರುಕಟ್ಟೆಗೆ ತಂದಾಗ ಅದರ ಉಪಯೋಗವಿದ್ದದ್ದು ಈ ವಿಸ್ತಾರದಲ್ಲಿ; 1994ರಲ್ಲಿ ಮೊದಲ ಆಲ್ಬಮ್ ತಂದ ಕಾರ್ನ್ ಬ್ಯಾಂಡಿನವರು ಅದೇ ಬಗೆಯ ಗಿಟಾರನ್ನು ಇನ್ನೂ ಒಂದು ಸ್ವರ ಇಳಿಸಿ, ಏಳನೆಯ ತಂತಿಯನ್ನು ಎ ಮಾಡಿಕೊಂಡು, ಭಾರವಾದ ರಿಫ್‌ಗಳಿಗೆ (ಮರುಕಳಿಸುವ ಸ್ವರಗುಚ್ಛಗಳಿಗೆ) ಬಳಸಿದರು. ನಿಮ್ಮ ಬ್ಯಾಂಡ್ ಒಂದೇ ಕಾರ್ಯಕ್ರಮದಲ್ಲಿ ಇ ಶ್ರುತಿಯ ಹಳೆಯ ಹಾಡುಗಳನ್ನೂ ಬಿ ಶ್ರುತಿಯ ಸ್ವಂತ ಹಾಡುಗಳನ್ನೂ ನುಡಿಸುವುದಾದರೆ, ವೇದಿಕೆಗೆ ಎರಡೆರಡು ಗಿಟಾರ್ ಹೊತ್ತೊಯ್ಯುವುದಕ್ಕಿಂತ ಒಂದು ಏಳು ತಂತಿಯೇ ಮೇಲು. ಬಿ ಶ್ರುತಿಯ ರಿಫ್‌ಗಳಷ್ಟೇ ಸಾಕೆಂದರೆ ಆ ಹಣವನ್ನು ಆಂಪಿಗೆ ಇಟ್ಟುಕೊಳ್ಳಿ.

ಪ್ರಶ್ನೆ (ಮಂಗಳೂರಿನಿಂದ): ಸರ್, ಸಡಿಲ ತಂತಿ ಯಾವಾಗಲೂ ದೋಷವೇ? ನಾವು ನುಡಿಸುವುದು ನಿಧಾನಗತಿಯ ಡೂಮ್ ಮೆಟಲ್.

ಉತ್ತರ: ಒಳ್ಳೆಯ ಪ್ರಶ್ನೆ. ದೋಷವಲ್ಲ. 1965ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಎರಡು ಬೆರಳುಗಳ ತುದಿ ಕಳೆದುಕೊಂಡ, ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ ಬೆರಳುಗಳಿಗೆ ನೋವಾಗದಿರಲೆಂದು ತೆಳು ತಂತಿಗಳನ್ನು ಹಾಕಿಕೊಂಡರು, ಆಮೇಲೆ ಶ್ರುತಿಯನ್ನೂ ಇಳಿಸಿದರು. ಬ್ಲ್ಯಾಕ್ ಸಬ್ಬತ್‌ನ 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮಿನ ಕೆಲವು ಹಾಡುಗಳಲ್ಲಿ ಗಿಟಾರ್ ಮೂರು ಅರ್ಧಸ್ವರ ಕೆಳಗಿದೆ. ಆ ಸಡಿಲತನವೇ ನಿಮ್ಮ ಪ್ರಕಾರದ ನಾದದ ಬೇರು. ಸ್ವರಗಳ ನಡುವೆ ಬಿಡುವಿರುವ ಸಂಗೀತದಲ್ಲಿ ತಂತಿ ತೂಗಾಡಿ ನೆಲೆಗೊಳ್ಳಲು ಸಮಯವಿರುತ್ತದೆ. ವೇಗವಾದ ಪಾಮ್ ಮ್ಯೂಟ್‌ಗಳಲ್ಲಿ (ಅಂಗೈ ಅಂಚಿನಿಂದ ತಂತಿಯನ್ನು ಅದುಮಿ ಮೀಟುವಾಗ) ಒಂದು ಪೆಟ್ಟಿನ ಕಂಪನ ನಿಲ್ಲುವ ಮೊದಲೇ ಇನ್ನೊಂದು ಬೀಳುವುದರಿಂದ ಅಲ್ಲಿ ಬಿಗಿತ ಬೇಕೇ ಬೇಕು. ಅಯೋಮಿಯವರ ಗಿಬ್ಸನ್ ಎಸ್‌ಜಿ ಬಗೆಯ 24.75 ಇಂಚಿನ ಗಿಟಾರಿನಲ್ಲಿ ಬಿಗಿತ 25.5 ಇಂಚಿನದಕ್ಕಿಂತ ಶೇ. 6ರಷ್ಟು ಕಡಿಮೆಯೇ ಇರುತ್ತದೆ, ಡೂಮ್‌ಗೆ ಅದು ಅಡ್ಡಿಯಲ್ಲ. ಆದರೆ ಕರಾವಳಿಯ ತೇವದಲ್ಲಿ ನೆಕ್ ಸರಿದಾಡುತ್ತದೆ, ಮಳೆಗಾಲ ಹಿಡಿದ ಮೇಲೆ ಒಮ್ಮೆ ಟ್ರಸ್ ರಾಡ್ ನೋಡಿಸಿ.

ಪ್ರಶ್ನೆ (ಜರ್ಮನಿಯಲ್ಲಿ ನೆಲೆಸಿರುವ ಸದಸ್ಯರು): ನನಗೆ ಮೆಶುಗ್ಗಾ ಎಂಬ ಮೆಟಲ್ ಬ್ಯಾಂಡಿನಂತೆ ತುಂಬ ಕೆಳಗೆ, ಎಫ್ ಶಾರ್ಪ್‌ವರೆಗೆ ಇಳಿಯಬೇಕು. ಎಂಟು ತಂತಿಯೇ ಬೇಕೇ, 27 ಇಂಚಿನ ಬ್ಯಾರಿಟೋನ್ (ಉದ್ದ ಸ್ಕೇಲಿನ ಆರು ತಂತಿಯ ಗಿಟಾರ್) ಸಾಕೇ? ಗೆಳೆಯರೊಬ್ಬರ ಎಂಟು ತಂತಿಯಲ್ಲಿ ಪವರ್ ಕಾರ್ಡ್ (ಒಂದು ಸ್ವರ ಮತ್ತು ಅದರ ಪಂಚಮ ಒಟ್ಟಿಗೆ) ನುಡಿಸಿದರೆ ಬರೀ ಗೊರಗೊರ ಶಬ್ದ ಬರುತ್ತದೆ, ಅದಕ್ಕೆ ಕಾರಣವೇನು?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮೊದಲನೆಯದರ ಉತ್ತರ ಅದರಲ್ಲಿದೆ. ಡಿಸ್ಟಾರ್ಶನ್‌ಗೆ (ಗಿಟಾರಿನ ನಾದವನ್ನು ಒರಟಾಗಿಸುವ ಪರಿಣಾಮ) ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟರೆ ಅದು ಅವುಗಳ ಕಂಪನ ಸಂಖ್ಯೆಗಳ ವ್ಯತ್ಯಾಸಕ್ಕೆ ಸಮನಾದ ಇನ್ನೊಂದು ಸ್ವರವನ್ನೂ ಹುಟ್ಟಿಸುತ್ತದೆ. ಸಾಮಾನ್ಯ ಶ್ರುತಿಯ ಇ ಪವರ್ ಕಾರ್ಡಿನಲ್ಲಿ ಇ 82 ಹರ್ಟ್ಜ್, ಬಿ 123 ಹರ್ಟ್ಜ್. ವ್ಯತ್ಯಾಸ 41, ಅಂದರೆ ಬೇಸ್ ಗಿಟಾರಿನ ಬಿಟ್ಟ ಇ ತಂತಿಯ ಸ್ವರ. ಎರಡೇ ಸ್ವರಗಳ ಆ ಕಾರ್ಡ್ ಅಷ್ಟು ದೊಡ್ಡದಾಗಿ ಕೇಳಿಸುವುದರ ಗುಟ್ಟು ಇದು. ಬಿ ಶ್ರುತಿಯಲ್ಲಿ ಆ ವ್ಯತ್ಯಾಸ ಸುಮಾರು 31ಕ್ಕೆ ಇಳಿಯುತ್ತದೆ, ಇನ್ನೂ ಹೇಗೋ ನಡೆಯುತ್ತದೆ. ಎಂಟನೆಯ ತಂತಿಯ ಎಫ್ ಶಾರ್ಪ್ 46 ಹರ್ಟ್ಜ್, ಅದರ ಪಂಚಮ 69, ವ್ಯತ್ಯಾಸ 23. ಗಿಟಾರಿನ ಸ್ಪೀಕರ್ ಆ ಸ್ವರವನ್ನು ಹೊರಡಿಸಲಾರದು, ಕಿವಿಯೂ ಅದನ್ನು ಸ್ವರವೆಂದು ಹಿಡಿಯಲಾರದು. ಉಳಿಯುವುದು ನೀವು ಹೇಳಿದ ಗೊರಗೊರ ಮಾತ್ರ. ಆದ್ದರಿಂದ ಎಂಟನೆಯ ತಂತಿಯಲ್ಲಿ ಒಂಟಿ ಸ್ವರಗಳ ರಿಫ್‌ಗಳನ್ನು ಕಟ್ಟಿ, ಕಾರ್ಡ್‌ಗಳನ್ನು ಮೇಲಿನ ತಂತಿಗಳಿಗೆ ಬಿಡಿ.

ಡಿಸ್ಟಾರ್ಶನ್‌ಗೆ ಹೋಗುವ ಮೊದಲೇ ಕೆಳಗಿನ ಕಂಪನಗಳನ್ನು ಕಡಿಮೆ ಮಾಡುವುದೂ ಅಷ್ಟೇ ಮುಖ್ಯ. ಟ್ಯೂಬ್ ಸ್ಕ್ರೀಮರ್ ಬಗೆಯ ಓವರ್‌ಡ್ರೈವ್ ಪೆಡಲನ್ನು ಡ್ರೈವ್ ಸೊನ್ನೆಯಲ್ಲಿ, ಲೆವೆಲ್ ಪೂರ್ತಿ ಏರಿಸಿ ಆಂಪಿನ ಮುಂದೆ ಇಟ್ಟರೆ ಮಬ್ಬು ಕಳೆದು ಪಿಕ್ಕಿನ ಪೆಟ್ಟು ಸ್ಪಷ್ಟವಾಗುತ್ತದೆ. ಭಾರ ಹೋದೀತೆಂಬ ಭಯ ಬೇಡ, ಮೇಲಿನ ಅನುಸ್ವರಗಳು (ಮೂಲ ಸ್ವರದ ಜೊತೆಗೇ ಮೊಳಗುವ ಮೇಲಿನ ಕಂಪನಗಳು) ಸರಿಯಾಗಿದ್ದರೆ ಮೂಲ ಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಜೊತೆಗೆ, ಬೇಸ್ ಗಿಟಾರಿನ ಇ ಇರುವುದು 41 ಹರ್ಟ್ಜ್‌ನಲ್ಲಿ, ನಿಮಗಿಂತ ಒಂದೇ ಸ್ವರ ಕೆಳಗೆ. ಹಾಡು ಕಟ್ಟುವಾಗಲೇ ಬೇಸ್ ನುಡಿಸುವವರನ್ನು ಕೂರಿಸಿಕೊಂಡು ಜಾಗ ಹಂಚಿಕೊಳ್ಳಿ.

ಇನ್ನು ಗಿಟಾರಿನ ಆಯ್ಕೆ. ಮೆಶುಗ್ಗಾ 2002ರಲ್ಲಿ ‘ನಥಿಂಗ್’ ಆಲ್ಬಮನ್ನು ಎಂಟು ತಂತಿಗಾಗಿಯೇ ರಚಿಸಿದ್ದರೂ, ಆಗ ಕೈಯಲ್ಲಿದ್ದ ಗಿಟಾರುಗಳು ಶ್ರುತಿಯಲ್ಲಿ ನಿಲ್ಲದ ಕಾರಣ ಏಳು ತಂತಿಯ ಗಿಟಾರುಗಳನ್ನೇ ಇಳಿಸಿ ಧ್ವನಿಮುದ್ರಿಸಿಕೊಂಡಿತು. 2006ರಲ್ಲಿ ಗಿಟಾರ್ ಭಾಗಗಳನ್ನು ಎಂಟು ತಂತಿಯಲ್ಲಿ ಮತ್ತೆ ನುಡಿಸಿ ಆಲ್ಬಮನ್ನು ಮರಳಿ ತಂದಿತು. ಅಷ್ಟು ಕೆಳಗಿನ ಸ್ವರಗಳಿಗೆ ಸ್ಕೇಲಿನ ಉದ್ದ ಬೇಕೇ ಬೇಕು: 25.5ರಿಂದ 27 ಇಂಚಿಗೆ ಹೋದರೆ ಅದೇ ತಂತಿಗೆ ಶೇ. 12ರಷ್ಟು ಬಿಗಿತ ಹೆಚ್ಚುತ್ತದೆ, 74ರ ತಂತಿಯೊಂದಿಗೆ ಎಫ್ ಶಾರ್ಪ್ ಸುಮಾರು 16 ಪೌಂಡಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. 2007ರ ಐಬನೆಜ್ ಆರ್‌ಜಿ2228 ಎಂಬ ಎಂಟು ತಂತಿಯ ಗಿಟಾರಿಗೂ 27 ಇಂಚೇ ಇದೆ. ಈ ಬಿಗಿತ ಬ್ಯಾರಿಟೋನಿನಲ್ಲಿಯೂ ಸಿಗುವುದರಿಂದ, ಒಂದೇ ಹಾಡಿನಲ್ಲಿ ಎಫ್ ಶಾರ್ಪ್ ರಿಫ್ ಮತ್ತು ಮೇಲಿನ ಇ ತಂತಿಯ ಸೋಲೋ ಎರಡೂ ಬೇಕಿದ್ದರೆ ಮಾತ್ರ ಎಂಟು ತಂತಿ ಕೊಳ್ಳಿ. ನೀವು ಬರೆದಿರುವುದನ್ನು ನೋಡಿದರೆ ಬ್ಯಾರಿಟೋನ್ ಸಾಕೆಂದು ನನ್ನ ಅಭಿಪ್ರಾಯ. ಟ್ಯೂನಿಂಗ್ ಕಂಬದ ತೂತಿನಲ್ಲಿ 74ರ ತಂತಿ ತೂರುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ (ಮೈಸೂರಿನಿಂದ): ನನ್ನ ಮಗಳಿಗೆ 14 ವರ್ಷ. ಈಗಷ್ಟೇ ಕಲಿಯಲು ಹೊರಟಿದ್ದಾಳೆ, ಎಂಟು ತಂತಿಯದೇ ಬೇಕೆಂದು ಹಟ ಮಾಡುತ್ತಿದ್ದಾಳೆ. ಕೊಡಿಸಬಹುದೇ ಸರ್?

ಉತ್ತರ: ಅವಳ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ ಅಮ್ಮಾ, ಆದರೆ ಮೊದಲ ಗಿಟಾರಾಗಿ ಎಂಟು ತಂತಿ ಬೇಡ. ಅಗಲವಾದ ನೆಕ್ ಅಭ್ಯಾಸದಿಂದ ಒಗ್ಗುತ್ತದೆ. ಕಷ್ಟವಾಗುವುದು ನುಡಿಸದ ತಂತಿಗಳನ್ನು ಸುಮ್ಮನಿರಿಸುವುದು. ಡಿಸ್ಟಾರ್ಶನ್‌ನಲ್ಲಿ ಮುಟ್ಟದ ತಂತಿಯೂ ತಾನಾಗಿ ಮೊರೆಯತೊಡಗುತ್ತದೆ, ಅದನ್ನು ಎರಡೂ ಕೈಗಳಿಂದ ತಡೆಯುವ ರೂಢಿ ಆರು ತಂತಿಯಲ್ಲಿ ಬಂದ ಮೇಲೆ ಎಂಟಕ್ಕೆ ಹೋಗುವುದು ಸುಲಭ. ಫಿಕ್ಸೆಡ್ ಬ್ರಿಡ್ಜಿನ, 25.5 ಇಂಚಿನ ಆರು ತಂತಿಯನ್ನು ಕೊಡಿಸಿ, 11–54ರ ಸೆಟ್ ಹಾಕಿಸಿ ಡ್ರಾಪ್ ಸಿ ಶ್ರುತಿಗೆ (ದಪ್ಪ ತಂತಿಯನ್ನು ಸಿ ಸ್ವರಕ್ಕೆ ಇಳಿಸುವ ಶ್ರುತಿ) ಸೆಟಪ್ ಮಾಡಿಸಿ. ಅವಳು ಬಯಸುವ ಭಾರ ಮೊದಲ ದಿನದಿಂದಲೇ ಅವಳ ಕೈಗೆ ಸಿಗುತ್ತದೆ. ಅಂಗಡಿಗೆ ಅವಳನ್ನೂ ಕರೆದುಕೊಂಡು ಹೋಗಿ, ಕೂತು ಮತ್ತು ನಿಂತು ಎರಡೂ ಬಗೆಯಲ್ಲಿ ಹಿಡಿಸಿ ನೋಡಿದ ಮೇಲೆ ಹಣ ಕೊಡಿ.