ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ವಾರ್ನಿಂಗ್: ಹೆಡರ್‌ನ ಅಸರ್ಟ್ ಕಾರಣವೇ?

ಪ್ರಶ್ನೆ:
ನನ್ನ ಸಿ ಲೈಬ್ರರಿಯ ಹೆಡರ್‌ನಲ್ಲಿ ಸಣ್ಣ ಇನ್‌ಲೈನ್ ಫಂಕ್ಷನ್‌ಗಳಿವೆ, ಒಳಗೆ ಅಸರ್ಟ್ (ಷರತ್ತು ಸುಳ್ಳಾದರೆ ಪ್ರೋಗ್ರಾಂ ನಿಲ್ಲಿಸುವ ಮ್ಯಾಕ್ರೊ) ಇದೆ. ಡೀಬಗ್ ಬಿಲ್ಡ್‌ನಲ್ಲಿ ಜಿಸಿಸಿ ಕಂಪೈಲರ್ ತುಟಿ ಪಿಟಿಕ್ ಅನ್ನುವುದಿಲ್ಲ. ರಿಲೀಸ್‌ನಲ್ಲಿ ಎರಡು ದೂರು: ಒಂದು ವೇರಿಯಬಲ್ ಬಳಕೆಯಾಗಿಲ್ಲ, ಒಂದು ಫಂಕ್ಷನ್ ಏನನ್ನೂ ರಿಟರ್ನ್ ಮಾಡದೆ ಮುಗಿಯುತ್ತದೆ. ಎರಡನೆಯದರ ಸ್ವಿಚ್‌ನ ಡೀಫಾಲ್ಟ್‌ನಲ್ಲಿ ಅಸರ್ಟ್ ಸೊನ್ನೆ (ಅಂದರೆ ಯಾವಾಗಲೂ ಸೋಲುವ ಅಸರ್ಟ್) ಬರೆದಿದ್ದೇನೆ. ವಾರ್ನಿಂಗನ್ನೂ ಎರರ್ ಮಾಡುವ ಡಬ್ಲ್ಯೂ-ಎರರ್ ಆಯ್ಕೆ ಇರುವುದರಿಂದ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ವಾರ್ನಿಂಗ್ ಆಫ್ ಮಾಡದೆ ದಾರಿ ಇದೆಯಾ?

ಉತ್ತರ 1:
ರಿಲೀಸ್‌ನಲ್ಲಿ ಸಾಮಾನ್ಯವಾಗಿ ಎನ್‌ಡೀಬಗ್ (ಅಸರ್ಟ್ ಆಫ್ ಮಾಡುವ ಮ್ಯಾಕ್ರೊ) ಡಿಫೈನ್ ಆಗಿರುತ್ತದೆ. ಬಿಲ್ಡ್ ಟೂಲ್ ಸಿಮೇಕ್ ಆದರೆ ತಾನೇ ಸೇರಿಸುತ್ತದೆ. ಆಗ ಅಸರ್ಟ್ ಒಳಗೆ ಬರೆದದ್ದನ್ನು ಪ್ರಿಪ್ರೊಸೆಸರ್ ನುಂಗಿಬಿಡುತ್ತದೆ, ಕಂಪೈಲರ್‌ಗೆ ಕಾಣುವುದೇ ಇಲ್ಲ. ವೇರಿಯಬಲ್‌ಗೆ ಒಂದು ವಾಯ್ಡ್ ಕಾಸ್ಟ್ ಹಾಕಿ (ಬೆಲೆ ಬೇಡ ಅಂತ ಹೇಳುವ ಸಾಲು, ಬಳಸಿದ ಲೆಕ್ಕಕ್ಕೆ ಬರುತ್ತದೆ), ಮುಗೀತು.

ಉತ್ತರ 2:
ವಾಯ್ಡ್ ಕಾಸ್ಟ್ ನನಗೆ ಹಿಡಿಸುವುದಿಲ್ಲ. ನಾಳೆ ಅಸರ್ಟ್ ತೆಗೆದರೂ ಆ ಸಾಲು ಅಲ್ಲೇ ಕೂತಿರುತ್ತದೆ, ಯಾಕಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಅಸರ್ಟ್ ಬದಲು ನಿಮ್ಮದೇ ಮ್ಯಾಕ್ರೊ ಬರೆಯಿರಿ. ರಿಲೀಸ್‌ನಲ್ಲಿ ಅದು ಷರತ್ತನ್ನು ಸೈಜ್‌ಆಫ್ (ಗಾತ್ರ ಹೇಳುವ ಆಪರೇಟರ್) ಒಳಗೆ ಇಡಲಿ. ಅಲ್ಲಿರುವುದು ಓಡುವುದಿಲ್ಲ, ಆದರೆ ವೇರಿಯಬಲ್ ಬಳಸಿದ ಲೆಕ್ಕಕ್ಕೆ ಬರುತ್ತದೆ. ವೇರಿಯಬಲ್ ಹೆಸರು ಬದಲಿಸಿದಾಗ ಹಳೇ ಹೆಸರು ಉಳಿದಿದ್ದರೆ ರಿಲೀಸ್‌ನಲ್ಲೂ ಸಿಕ್ಕಿಬೀಳುತ್ತದೆ, ಅದು ಬೋನಸ್. ಷರತ್ತನ್ನು ಸುಮ್ನೆ ಹಾಗೇ ಇಡಬೇಡಿ. ಬಿಟ್‌ಫೀಲ್ಡ್ (ಕೆಲವೇ ಬಿಟ್‌ಗಳ ಸ್ಟ್ರಕ್ಟ್ ಸದಸ್ಯ) ಬಂದರೆ ಸೈಜ್‌ಆಫ್ ಒಪ್ಪುವುದಿಲ್ಲ. ನಿಜವಾದರೆ 1, ಇಲ್ಲದಿದ್ದರೆ 0 ಅಂತ ಟರ್ನರಿ ಮಾಡಿ ಇಡಿ. ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿಯ ಅಸರ್ಟ್ ಹೆಡರ್ ತೆಗೆದು ನೋಡಿ, ಅಲ್ಲೂ ಸೈಜ್‌ಆಫ್ ಒಳಗೆ ಇದೇ ಟರ್ನರಿ ಉಪಾಯ ಇದೆ, ಆದರೆ ಡೀಬಗ್ ಕಡೆ.

ಡೀಬಗ್ ಕಡೆ ಒಂದು ಸೂಕ್ಷ್ಮ ಇದೆ. ಮ್ಯಾಕ್ರೊ ಅಂದ ತಕ್ಷಣ ಎಲ್ಲದಕ್ಕೂ ಬ್ರ್ಯಾಕೆಟ್ ಹಾಕುತ್ತೇವೆ ಅಲ್ವಾ? ಇಲ್ಲಿ ಅದೇ ಕೈಕೊಡುತ್ತದೆ. ಎರಡು ಸಮ ಚಿಹ್ನೆಯ ಬದಲು ಒಂದೇ ಬರೆದರೆ ಜಿಸಿಸಿ ಸಾಮಾನ್ಯವಾಗಿ ಎಚ್ಚರಿಸುತ್ತದೆ. ಜೋಡಿ ಬ್ರ್ಯಾಕೆಟ್ ಕಂಡರೆ ಬೇಕಂತಲೇ ಬರೆದಿದ್ದಾರೆ ಅಂದುಕೊಂಡು ಸುಮ್ಮನಾಗುತ್ತದೆ. ಹಾಗಾಗಿ ಷರತ್ತನ್ನು ನೇರವಾಗಿ ಇಫ್‌ಗೆ ಕೊಡಿ, ಮೇಲೊಂದು ಬ್ರ್ಯಾಕೆಟ್ ಬೇಡ.

ಎರಡನೇ ದೂರಿಗೆ ಇದು ಯಾವುದೂ ಮದ್ದಲ್ಲ. ಡೀಬಗ್‌ನಲ್ಲಿ ಅಸರ್ಟ್ ಸೋತರೆ ಕರೆಯುವ ಫಂಕ್ಷನ್‌ಗೆ ನೋರಿಟರ್ನ್ ಗುರುತಿದೆ, ಅದರ ಮುಂದೆ ದಾರಿಯಿಲ್ಲ ಅಂತ ಕಂಪೈಲರ್‌ಗೆ ಗೊತ್ತು. ರಿಲೀಸ್‌ನಲ್ಲಿ ಆ ಕರೆಯೇ ಇಲ್ಲ. ಅಂದರೆ ಈ ವಾರ್ನಿಂಗ್ ನಿಜವನ್ನೇ ಹೇಳುತ್ತಿದೆ. ಡೀಫಾಲ್ಟ್‌ನಲ್ಲಿ ಪ್ರೋಗ್ರಾಂ ನಿಲ್ಲಿಸುವ ಅಬಾರ್ಟ್ ಕರೆಯಿರಿ, ಇಲ್ಲವೇ ಎರರ್ ಕೋಡ್ ರಿಟರ್ನ್ ಮಾಡಿ.

ಉತ್ತರ 3:
ಡೀಫಾಲ್ಟ್‌ನಲ್ಲಿ ಬಿಲ್ಟಿನ್ ಅನ್‌ರೀಚಬಲ್ (ಇಲ್ಲಿಗೆ ಯಾವತ್ತೂ ಬರಲ್ಲ ಅಂತ ಜಿಸಿಸಿಗೆ ಹೇಳುವುದು) ಹಾಕಿದರೂ ವಾರ್ನಿಂಗ್ ಹೋಗುತ್ತದಲ್ಲ?

ಉತ್ತರ 2:
ಹೋಗುತ್ತದೆ. ಆದರೆ ಯಾವತ್ತೋ ತಪ್ಪು ಬೆಲೆ ಅಲ್ಲಿಗೆ ಬಂದರೆ ಅನ್‌ಡಿಫೈನ್ಡ್ ಬಿಹೇವಿಯರ್, ಅಂದರೆ ಏನು ಬೇಕಾದರೂ ಆಗಬಹುದು. ಬೇರೆಯವರು ಬಳಸುವ ಹೆಡರ್‌ನಲ್ಲಿ ನಾನಂತೂ ಹಾಕಲ್ಲ.

ಪ್ರಶ್ನೆ ಕೇಳಿದವರು:
ಅಬಾರ್ಟ್ ಹಾಕಿದೆ, ಸೈಜ್‌ಆಫ್ ಮ್ಯಾಕ್ರೊ ಕೂಡ. ಈಗ ರಿಲೀಸ್‌ನಲ್ಲಿ ಒಂದು ಕಡೆ ವೇರಿಯಬಲ್ಲೇ ಇಲ್ಲ ಅಂತ ಎರರ್ ಬರುತ್ತಿದೆ. ಅದನ್ನು ಡೀಬಗ್‌ಗೆ ಮಾತ್ರ ಅಂತ ಇಫ್‌ಎನ್‌ಡೆಫ್ (ಎನ್‌ಡೀಬಗ್ ಇಲ್ಲದಿದ್ದರೆ ಮಾತ್ರ) ಒಳಗೆ ಡಿಕ್ಲೇರ್ ಮಾಡಿದ್ದೆ.

ಉತ್ತರ 2:
ಆ ಇಫ್‌ಎನ್‌ಡೆಫ್ ಕಿತ್ತುಹಾಕಿ. ಇನ್ನು ಅದರ ಅಗತ್ಯವಿಲ್ಲ.