ಮಗು ಏಳೋ ಮುಂಚೆ ಒಂದು ಲೋಟ ಕಾಫಿ: ಡಿಕಾಕ್ಷನ್ ಇಳೀತಿಲ್ಲ

ಪ್ರಶ್ನೆ (ಬಸವನಗುಡಿ ಅಮ್ಮ): ಬೆಳಿಗ್ಗೆ ಸಿಗೋದು ಇಪ್ಪತ್ತೇ ನಿಮಿಷ. ಫಿಲ್ಟರ್‌ನಲ್ಲಿ ಒಂದು ದಿನ ಡಿಕಾಕ್ಷನ್ ಇಳಿಯೋದೇ ಇಲ್ಲ, ಇನ್ನೊಂದು ದಿನ ಬರೀ ನೀರು. ರಾತ್ರಿನೇ ಹಾಕಿಟ್ರೆ ಕೆಡುತ್ತಾ?

ಉತ್ತರ (‘ಕಾಫಿಪುಡಿ’ ಅನ್ನೋ ಹೆಸರಿನವರು): ಕೆಡಲ್ಲ, ಹಾಕಿಡಿ. ಎರಡು ಲೋಟಕ್ಕೆ ಮೂರು ದೊಡ್ಡ ಚಮಚ ಪುಡಿ, ಸುಮಾರು 120 ಎಂಎಲ್ ನೀರು. ಕುದ್ದ ನೀರನ್ನ ಅರ್ಧ ನಿಮಿಷ ಬಿಟ್ಟು ಸುತ್ತಲೂ ನಿಧಾನಕ್ಕೆ ಹುಯ್ಯಿರಿ. ಒತ್ತುಬಿಲ್ಲೆ (ಫಿಲ್ಟರ್ ಒಳಗಿನ ಹಿಡಿ ಇರೋ ತೂತಿನ ಬಿಲ್ಲೆ) ಪುಡಿ ಮೇಲೆ ಮೆತ್ತಗೆ ಕೂತರೆ ಸಾಕು. ಬಲವಾಗಿ ಒತ್ತಿದ್ರೆ ಅಥವಾ ಪುಡಿ ತೀರಾ ನುಣ್ಣಗಿದ್ರೆ ಕಟ್ಟಿಕೊಳ್ಳುತ್ತೆ. ಸಡಿಲ ಬಿಟ್ರೆ ನೀರು ಸೀದಾ ಇಳಿದುಹೋಗುತ್ತೆ. ತೂತು ಮುಚ್ಚಿದ್ರೆ ಸ್ಟೀಲ್ ಫಿಲ್ಟರ್‌ನ ಮೇಲಿನ ಭಾಗ ಮಾತ್ರ ಇಕ್ಕಳದಲ್ಲಿ ಹಿಡಿದು ಉರಿ ಮೇಲೆ ಕಾಯಿಸಿ, ಆರಿದ ಮೇಲೆ ಬ್ರಷ್‌ನಲ್ಲಿ ಉಜ್ಜಿ.

ಉತ್ತರ (‘ಚಿಕೋರಿ ಬೇಡ’ ಅನ್ನೋ ಹೆಸರಿನವರು): ಇಳಿದ ಡಿಕಾಕ್ಷನ್ ಮುಚ್ಚಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಅದನ್ನ ಮಾತ್ರ ಕುದಿಸಬೇಡಿ, ಕಹಿಯಾಗುತ್ತೆ. ಹಾಲು ಉಕ್ಕಿಸಿ ಅದಕ್ಕೆ ಬೆರೆಸಿ. ಪುಡಿ ಅಂಗಡೀಲಿ ‘ಫಿಲ್ಟರ್‌ಗೆ’ ಅಂತ ಹೇಳಿ, 100 ಗ್ರಾಂ ಮಾತ್ರ ತಗೊಳ್ಳಿ.

ಉತ್ತರ (‘ಕಾಫಿಪುಡಿ’): ಹೆಸರಲ್ಲೇ ‘ಚಿಕೋರಿ ಬೇಡ’ ಅಂತೀರಲ್ಲ, 80:20 (80 ಭಾಗ ಕಾಫಿ, 20 ಭಾಗ ಚಿಕೋರಿ) ಇಲ್ಲದೆ ಆ ಬಣ್ಣ ಎಲ್ಲಿಂದ ಬರುತ್ತೆ ಸ್ವಾಮಿ! ಅಂದ ಹಾಗೆ, ಐರನ್ ಮಾತ್ರೆ ತಗೊಳ್ತಿದ್ರೆ ಕಾಫಿಗೂ ಅದಕ್ಕೂ ಒಂದೆರಡು ಗಂಟೆ ಅಂತರ ಇರಲಿ, ದೇಹ ಕಬ್ಬಿಣಾಂಶ ಹೀರೋದನ್ನ ಕಾಫಿ ಕಡಿಮೆ ಮಾಡುತ್ತೆ.