ಅಜ್ಜನ ಕಾಲದ ಚಿರೆಕಲ್ಲು ಮನೆ ನಾವೇ ರಿಪೇರಿ ಮಾಡ್ತಾ ಇದ್ದೇವೆ, ಗೋಡೆ ತೇವಕ್ಕೆ ಎಂತ ಮಾಡೋದು?

ಹೊಳೆಬದಿ (ಫೆಬ್ರವರಿ)

ಎಲ್ಲರಿಗೂ ನಮಸ್ಕಾರ. ನಮ್ದು ಕುಮಟಾ ಹತ್ರ, ಅಘನಾಶಿನಿ ಹೊಳೆ ಬದಿ ಊರು. ಅಜ್ಜ ಕಟ್ಟಿಸಿದ ಮನೆ, ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಮಣ್ಣು ಕೂಡಿಸಿ ಎಬ್ಬಿಸಿದ ಗೋಡೆ, ಮೇಲೆ ಮಂಗಳೂರು ಹೆಂಚು, ಒಳಗೆ ಕಾವಿ ನೆಲ, ಮುಂದೆ ಜಗಲಿ. ಈಗ ಅಪ್ಪ ಆಯಿ ಇಬ್ಬರೇ ಇರೋದು, ನಾನು ನನ್ನ ಹೆಂಡತಿ ಹುಬ್ಬಳ್ಳಿಲಿ, ತಮ್ಮ ಹೊನ್ನಾವರದಲ್ಲಿ. ದೀಪಾವಳಿಗೆ ಬಂದಾಗ ಒಬ್ಬರು ಕಂಟ್ರಾಕ್ಟರನ್ನ ಕರೆಸಿ ತೋರಿಸಿದ್ವಿ, ಅವ್ರು ಒಳಗೂ ಬರ್ಲಿಲ್ಲ, ಅಂಗಳದಲ್ಲೇ ನಿಂತು "ಕೆಡವಿ ಆರ್‌ಸಿಸಿ ಹಾಕ್ಸಿ, ಇದ್ರಲ್ಲಿ ಎಂತ ಉಳಿದದೆ" ಅಂದುಬಿಟ್ರು. ಅವತ್ತು ರಾತ್ರಿ ಅಪ್ಪ ಸರಿಯಾಗಿ ಊಟನೂ ಮಾಡ್ಲಿಲ್ಲ. ಆಮೇಲೆ ನಾವು ಅಣ್ಣ ತಮ್ಮ ಕೂತು ಮಾತಾಡಿ, ಶನಿವಾರ ಭಾನುವಾರ ಮತ್ತೆ ಇದ್ದಬದ್ದ ರಜೆ ಎಲ್ಲ ಸೇರಿಸಿ ಆದಷ್ಟು ನಾವೇ ಮಾಡೋದು ಅಂತ ಹೊರಟಿದ್ದೇವೆ.

ದೊಡ್ಡ ತಲೆನೋವು ನಡುಮನೆಯ ಪಡುಬದಿ (ಪಶ್ಚಿಮದ) ಗೋಡೆ. ಹದಿನೈದು ವರ್ಷದ ಹಿಂದೆ ಅದರ ಹಳೇ ಸುಣ್ಣದ ಗಾರೆ ಕೆತ್ತಿ ಸಿಮೆಂಟ್ ಗಿಲಾಯಿ (ಪ್ಲಾಸ್ಟರ್) ಮಾಡ್ಸಿದ್ರು, ಮೇಲೆ ಎಮಲ್ಷನ್ ಪೇಂಟ್. ಈಗ ನೆಲದಿಂದ ಸೊಂಟದ ಎತ್ತರದವರೆಗೆ ಬಣ್ಣ ಗುಳ್ಳೆ ಎದ್ದು ಉದುರ್ತಾ ಇದೆ, ಕೆಳಗೆಲ್ಲ ಉಪ್ಪಿನ ಹಾಗೆ ಬಿಳಿ ಪುಡಿ. ಹೋದ ವಾರ ಸುತ್ತಿಗೆಯಲ್ಲಿ ಬಡಿದು ನೋಡಿದ್ವಿ, ಟೊಳ್ಳು ಟೊಳ್ಳು ಶಬ್ದ, ಉಳಿ ತೂರಿಸಿ ಎಬ್ಬಿಸಿದ್ರೆ ರೊಟ್ಟಿ ಎದ್ದ ಹಾಗೆ ಒಂದೇ ಹಾಳೆ ಕಳಚಿ ಬಂತು, ಹಿಂದಿನ ಕಲ್ಲು ಎಷ್ಟು ಒದ್ದೆ ಅಂದ್ರೆ ಬೆರಳು ಒತ್ತಿದ್ರೆ ಕೆಂಪು ಕೆಸರು ಅಂಟ್ತದೆ, ಮಳೆ ನಿಂತು ನಾಲ್ಕು ತಿಂಗಳಾದ ಮೇಲೂ! ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್‌ಪ್ರೂಫ್ ಕೆಮಿಕಲ್ ಬಳಿದು ಮತ್ತೆ ಸಿಮೆಂಟ್ ಮಾಡಿ ಅಂತಾರೆ, ಅಪ್ಪ ಸುಣ್ಣನೇ ಸರಿ ಅಂತಾರೆ. ಅಡಿಗೆಮನೆ ಮೇಲೆ ಏಳೆಂಟು ಪಕಾಸಿಗೆ (ಹೆಂಚು ಹೊರೋ ಇಳಿಜಾರು ಮರ) ಕುಟ್ಟೆನೂ (ಮರ ಕೊರೆಯೋ ಹುಳ) ಹಿಡಿದದೆ. ಎಲ್ಲಿಂದ ಶುರು ಮಾಡೋದು ಅಂತಲೇ ಗೊತ್ತಾಗ್ತಾ ಇಲ್ಲ, ಮಾಡಿದವರು ಇದ್ರೆ ದಯವಿಟ್ಟು ಹೇಳಿ.

ತೋಟದಮನೆ

ತಮಾ, ಆ ಕೆಮಿಕಲ್ ಒಂದು ಬಳೀಬೇಡಿ, ಕೈಮುಗಿದು ಹೇಳ್ತೇನೆ. ನಮ್ದು ಸಿರ್ಸಿ ಹತ್ರ, ಮನೆ ಹೆಚ್ಚುಕಮ್ಮಿ ನಿಮ್ಮ ಹಾಗೇ, ನಾವೂ ಇದೇ ತಪ್ಪು ಮಾಡಿ ಎರಡು ಸಲ ದುಡ್ಡು ಕಳ್ಕೊಂಡಿದ್ದೇವೆ. ಚಿರೆಕಲ್ಲು ನೀರು ಕುಡೀತದೆ, ಕುಡಿದಿದ್ದನ್ನ ವಾಪಸ್ ಗಾಳಿಗೆ ಬಿಡ್ಲಿಕ್ಕೂ ಅದಕ್ಕೆ ದಾರಿ ಬೇಕು. ಸುಣ್ಣದ ಗಾರೆ ಇದ್ದಷ್ಟು ದಿನ ಬಿಡ್ತಾ ಇತ್ತು, ಸಿಮೆಂಟ್ ಮತ್ತೆ ಎಮಲ್ಷನ್ ಬಿದ್ದ ಮೇಲೆ ಆ ದಾರಿ ಮುಚ್ಚಿಹೋಯ್ತು, ನೀರು ಒಳಗೇ ಕೂತು ಮೇಲೆ ಏರ್ತದೆ, ಅದರ ಜೊತೆ ಬಂದ ಉಪ್ಪು ಗಿಲಾಯಿ ಹಿಂದೆ ಹರಳುಗಟ್ಟಿ ಅದನ್ನೇ ತಳ್ಳಿ ಹಾಕ್ತದೆ. ನಿಮ್ಮದು ರೊಟ್ಟಿ ಹಾಗೆ ಎದ್ದಿದ್ದು ಅದಕ್ಕೇ.

ಆದ್ರೆ ಸುಣ್ಣವಾ ಸಿಮೆಂಟಾ ಕೇಳೋದಕ್ಕೂ ಮೊದಲು ಇನ್ನೊಂದು ನೋಡಿ, ನೀರು ಬರ್ತಾ ಇರೋದು ಎಲ್ಲಿಂದ? ಆ ಗೋಡೆ ಹೊರಗೆ ಎಂತ ಇದೆ? ನಮ್ಮನೇಲಿ ಅಡಿಕೆ ಒಣಗ್ಸಲಿಕ್ಕೆ ಅನುಕೂಲ ಆಗ್ತದೆ ಹೇಳಿ ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸಿದ್ವಿ, ಗೋಡೆಗೆ ತಾಗಿಸಿ. ಅಂಗಳ ಅರ್ಧ ಅಡಿ ಎತ್ತರ ಆಯ್ತು, ಮಾಡಿನ ನೀರು ಅದರ ಮೇಲೆ ಬಿದ್ದು ಸಿಡಿದು ಗೋಡೆಗೆ, ಕೆಳಗಿನ ತೇವಕ್ಕೆ ಮೇಲೆ ಬರ್ಲಿಕ್ಕೆ ಜಾಗ ಇಲ್ದೆ ಅದೂ ಗೋಡೆಗೆ. ಕೊನೆಗೆ ಗೋಡೆಯಿಂದ ಎರಡು ಅಡಿ ಅಗಲ ಕಾಂಕ್ರೀಟ್ ಒಡೆದು ತೆಗೆಸಿ, ಚರಂಡಿ ತೋಡಿ ಜಲ್ಲಿ ತುಂಬಿಸಿದ ಮೇಲೆ ಗೋಡೆ ಒಣಗ್ಲಿಕ್ಕೆ ಶುರು ಆಗಿದ್ದು. ಮಳೆಗಾಲದಲ್ಲಿ ಪಡುಬದಿಗೆ ಅಡಿಕೆ ಸೋಗೆಯ ತಟ್ಟಿ (ಮಳೆ ತಡೆಯೋ ಮರೆ) ಕಟ್ತೇವೆ, ಅಜ್ಜನ ಕಾಲದಿಂದ ಕಟ್ತಾ ಇದ್ದಿದ್ದನ್ನ ನಡುವೆ ಬಿಟ್ಟಿದ್ವಿ, ಈಗ ಮತ್ತೆ ಶುರು.

ಗಾರೆಕೆಲಸ

ಅಕ್ಕ ಹೇಳಿದ್ದು ಪೂರ್ತಿ ಸರಿ. ನಮ್ಮಪ್ಪ ಮೇಸ್ತ್ರಿ ಆಗಿದ್ರು, ನಾನೂ ಇಪ್ಪತ್ತು ವರ್ಷದಿಂದ ಅಂಕೋಲಾ ಕುಮಟಾ ಕಡೆ ಇದೇ ಕೆಲಸ. ನನ್ನ ಮಾತು ಕೇಳಿದ್ರೆ ಈ ವರ್ಷ ಆ ಗೋಡೆಗೆ ಗಿಲಾಯಿನೇ ಮಾಡ್ಬೇಡಿ. ಸಿಮೆಂಟ್ ಪೂರ್ತಿ ಬಿಡಿಸಿ, ಕಲ್ಲು ಬತ್ತಲೆ ಬಿಡಿ. ಜನ ನೋಡಿದ್ರೆ ಎಂತ ಅಂತಾರೋ ಅಂತ ಅವಸರ ಮಾಡಿ ಒದ್ದೆ ಗೋಡೆಗೆ ಸುಣ್ಣ ಹಾಕಿದ್ರೆ ಅದೂ ಉದುರ್ತದೆ, ಆಮೇಲೆ ಸುಣ್ಣಕ್ಕೆ ಬೈತಾರೆ. ಚಿರೆಕಲ್ಲು ತೆಗೆಯುವಾಗ ಮೆತ್ತಗೆ ಇದ್ದು ಗಾಳಿ ತಾಗ್ತಾ ತಾಗ್ತಾ ಗಟ್ಟಿ ಆಗೋ ಕಲ್ಲು, ಅದಕ್ಕೆ ಗಾಳಿ ಕೊಡಿ. ನಿಮ್ಮ ಮಿರ್ಜಾನ್ ಕೋಟೆ ನೋಡಿ, ಅಷ್ಟು ಮಳೆ ತಿಂದ್ಕೊಂಡು ಅದೇ ಕಲ್ಲು ನಿಂತಿದೆಯಲ್ಲ.

ಬಿಳಿ ಪುಡಿಯನ್ನ ನೀರು ಹಾಕಿ ತೊಳೀಬೇಡಿ, ಉಪ್ಪು ಕರಗಿ ವಾಪಸ್ ಕಲ್ಲೊಳಗೆ ಹೋಗ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ, ಕೆಳಗೆ ಗೋಣಿ ಹಾಸಿ ಪುಡಿ ಹೊರಗೆ ಚೆಲ್ಲಿ, ಹದಿನೈದು ದಿನಕ್ಕೊಮ್ಮೆ ಹೀಗೆ. ಸಿಮೆಂಟ್ ಬಿಡಿಸೋವಾಗ ಸಂದಿನ ಮಣ್ಣು ಉದುರಿದ್ರೆ ಒಮ್ಮೆಗೇ ಗೋಡೆಯೆಲ್ಲ ಬಿಚ್ಚಬೇಡಿ, ಮೂರು ಮೂರು ಅಡಿ ಮಾಡಿ, ಸಂದಿಗೆ ಸುಣ್ಣ ಮರಳು ತುರುಕಿ ಮುಂದೆ ಹೋಗಿ.

ಗಿಲಾಯಿ ದೀಪಾವಳಿ ಕಳೆದ ಮೇಲೆ. ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಮರಳು ಹೊಳೆಯ ಸಿಹಿನೀರಿನ ಕಡೆದು, ಹೊಳೆ ಬಾಯಿದು ಸಮುದ್ರದ್ದು ಬೇಡವೇ ಬೇಡ, ಉಪ್ಪು ತೆಗೆದು ಉಪ್ಪೇ ಹಾಕಿದ ಹಾಗೆ. ನಿಮ್ಮ ಹೊಳೆಲಿ ಬಳಚಿನ ಚಿಪ್ಪಿಗೆ ಬರ ಇಲ್ಲ, ಚಿಪ್ಪಿ ಸುಣ್ಣ ಸಿಕ್ರೆ ಅದರಷ್ಟು ನಯ ಬೇರೆ ಇಲ್ಲ. ಸುಟ್ಟ ಚಿಪ್ಪಿ ತಂದ್ರೆ ನೀರಿಗೆ ಸ್ವಲ್ಪ ಸ್ವಲ್ಪ ಹಾಕಿ, ನೀರು ಕುದೀತದೆ, ಕಣ್ಣಿಗೆ ಸಿಡಿದ್ರೆ ದೃಷ್ಟಿಗೇ ಕುತ್ತು, ಕನ್ನಡಕ ಹಾಕದೆ ಹತ್ರ ಹೋಗ್ಲೇಬೇಡಿ, ಮಕ್ಕಳನ್ನ ಆ ಕಡೆ ಬಿಡಬೇಡಿ. ಸೋಸಿ ಮೇಲೆ ನೀರು ನಿಲ್ಸಿ ಒಂದು ತಿಂಗಳಾದ್ರೂ ಇಡಿ, ಬೆಣ್ಣೆ ಹಾಗಾಗ್ತದೆ. ಎರಡು ಪದರ ಹಾಕಿ, ಒಂದೊಂದು ಅರ್ಧ ಇಂಚಿಗಿಂತ ದಪ್ಪ ಬೇಡ, ಒಂದು ವಾರ ನೀರು ಚಿಮುಕಿಸ್ತಾ ಇರಿ. ಬೇಗ ಗಟ್ಟಿ ಆಗ್ಲಿ ಅಂತ ಮುಷ್ಟಿ ಸಿಮೆಂಟ್ ಬೆರೆಸೋರು ಇದ್ದಾರೆ, ಅವರ ಮಾತು ಕೇಳ್ಬೇಡಿ.

ಹೊಳೆಬದಿ

ಅಕ್ಕ, ನೀವು ಅಂಗಳದ ವಿಷಯ ಬರೆದಿದ್ದು ಓದಿ ಕೂಡ್ಲೇ ತಮ್ಮನಿಗೆ ಫೋನ್ ಮಾಡ್ದೆ. ಹೌದು, ತಂಗಿ ಮದುವೆಗೆ ಅಂತ 2012ರಲ್ಲಿ ಪಡುಬದಿ ಅಂಗಳಕ್ಕೆ ಕಾಂಕ್ರೀಟ್ ಹಾಕಿದ್ದು, ಗೋಡೆಗೆ ತಾಗಿಸಿಯೇ. ಗೋಡೆ ಅದಾದ ಮೇಲೇ ಹಾಳಾಗಿದ್ದು ಅಂತ ಆಯಿ ಹೇಳ್ತಾರೆ, ನಮಗೆ ಯಾರಿಗೂ ಹೊಳೆದಿರ್ಲೇ ಇಲ್ಲ. ಈ ಶನಿವಾರ ಒಡೀತೇವೆ. ಗಾರೆಕೆಲಸ ಅಣ್ಣ, ಪೂರ್ತಿ ಬರೆದಿಟ್ಕೊಂಡಿದ್ದೇನೆ. ಪಕಾಸಿದು ಯಾರಾದ್ರೂ ಹೇಳ್ತೀರಾ?

ಕಾಳಿತೀರ

ಕಾರವಾರದಿಂದ. ಹೋದ ವರ್ಷ ನಮ್ಮ ಮನೆ ಮಾಡು ನಾನು, ಭಾವ, ಮತ್ತೊಬ್ಬರು ಆಚಾರ್ರು (ಬಡಗಿ) ಸೇರಿ ಇಳಿಸಿ ಏರಿಸಿದ್ವಿ. ಒಂದು ಸ್ಕ್ರೂಡ್ರೈವರ್ ತಗೊಂಡು ಪ್ರತಿ ಪಕಾಸಿಗೆ ಚುಚ್ಚಿ, ಮುಖ್ಯವಾಗಿ ಗೋಡೆ ಮೇಲೆ ಕೂತ ತುದಿಗೆ. ಕಾಲು ಇಂಚು ಹೋಗಿ ನಿಂತ್ರೆ ಮರ ಬದುಕಿದೆ, ಮೇಲಿನ ಪುಡಿ ಕೆತ್ತಿ ಎಣ್ಣೆ ಹೊಡೆದ್ರೆ ಸಾಕು. ಹಿಡಿಯವರೆಗೆ ಸಲೀಸಾಗಿ ಹೋದ್ರೆ ಬದಲಿಸಿ, ಪ್ರೀತಿಗೆ ಉಳಿಸ್ಕೊಳ್ಳೋದಲ್ಲ. ನಿಮ್ಮದು ಅಡಿಗೆಮನೆ ಮೇಲೆ ಮಾತ್ರ ಹಿಡಿದದೆ ಅಂದ್ರಲ್ಲ, ಕಟ್ಟಿಗೆ ಒಲೆ ಬಿಟ್ಟು ಗ್ಯಾಸ್ ಬಂದು ಎಷ್ಟು ವರ್ಷ ಆಯ್ತು ಲೆಕ್ಕ ಹಾಕಿ. ಹೊಗೆ ಇದ್ದಾಗ ಹುಳ ಹತ್ರ ಬರ್ತಿರ್ಲಿಲ್ಲ, ನಮ್ಮಲ್ಲೂ ಕರೆಕ್ಟಾಗಿ ಅಡಿಗೆಮನೆದೇ ಹೋಗಿದ್ದು.

ಎಣ್ಣೆ ಅಂದ್ರೆ ಗೇರು ಸಿಪ್ಪೆ ಎಣ್ಣೆ, ದೋಣಿಗೆ ಬಳಿಯೋದು, ಕುಮಟಾದಲ್ಲಿ ಗೇರು ಫ್ಯಾಕ್ಟರಿ ಇರೋದ್ರಿಂದ ನಿಮಗೆ ಕಷ್ಟ ಇಲ್ಲ. ಆದ್ರೆ ಗ್ಲೌಸ್, ತುಂಬು ತೋಳಿನ ಅಂಗಿ ಇಲ್ದೆ ಮುಟ್ಟಬೇಡಿ. ನನ್ನ ಭಾವನ ಮೊಣಕೈ ಹತ್ರ ಒಂದು ಹನಿ ಬಿದ್ದು ಗುಳ್ಳೆ ಎದ್ದು, ಹತ್ತು ದಿನ ರಾತ್ರಿ ನಿದ್ದೆ ಇರ್ಲಿಲ್ಲ ಅವರಿಗೆ.

ಹೆಂಚು ಇಳಿಸೋವಾಗ ಬೆನ್ನಿನ ಮೇಲಿನ ಅಚ್ಚು ನೋಡಿ ಬೇರೆ ಬೇರೆ ಜೋಡಿಸಿಡಿ. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ, ಆಮೇಲೆ ಎಷ್ಟೋ ಕಾರ್ಖಾನೆ ಬಂದ್ವು, ಒಬ್ಬೊಬ್ಬರ ಅಚ್ಚು ಕೂದಲೆಳೆ ಬೇರೆ. ಒಂದರ ಕಚ್ಚು ಇನ್ನೊಂದಕ್ಕೆ ಕೂರದೆ ಸಂದಿ ಬಿಡ್ತದೆ, ಗಾಳಿ ಮಳೆಗೆ ಸೋರೋದು ಅಲ್ಲೇ. ಹಳೇ ಹೆಂಚು ಕೊಳ್ಳೋಕೆ ಹೋದ್ರೆ ನಿಮ್ಮನೆದು ಒಂದು ಕೈಲಿ ಹಿಡ್ಕೊಂಡೇ ಹೋಗಿ ಕೂರಿಸಿ ನೋಡಿ. ನೂರು ಚದರಡಿಗೆ 140 ಹತ್ರ ಬೇಕಾಗ್ತದೆ. ಮತ್ತೆ ಇದನ್ನೆಲ್ಲ ಮೇ ಎರಡನೇ ವಾರದೊಳಗೆ ಮುಗಿಸಿ, ಕೊನೇ ವಾರ ಅಂತ ಇಟ್ಕೋಬೇಡಿ.

ಹೊಳೆಬದಿ (ಮೇ)

ಎಲ್ಲರಿಗೂ ಒಂದು ಅಪ್‌ಡೇಟ್ ಕೊಡ್ಬೇಕು. ಕಾಂಕ್ರೀಟ್ ಒಡೆದ ದಿನ ಕೆಳಗಿನ ಮಣ್ಣು ಗದ್ದೆ ಮಣ್ಣಿನ ಹಾಗೆ ಜಿಗುಟು ಜಿಗುಟು, ಬಿಸಿಲಿಗೆ ಬಿಟ್ರೆ ವಾಸನೆ. ಎರಡು ಅಡಿ ಚರಂಡಿ ತೋಡಿ ಜಲ್ಲಿ ತುಂಬಿ, ನೀರು ತೋಟದ ಕಡೆ ಹೋಗೋ ಹಾಗೆ ಇಳಿಜಾರು ಕೊಟ್ಟಿದ್ದೇವೆ. ಒಳಗಿನ ಸಿಮೆಂಟ್ ಬಿಡಿಸ್ಲಿಕ್ಕೆ ಐದು ವಾರದ ಶನಿವಾರ ಭಾನುವಾರ ಹೋಯ್ತು. ಕಲ್ಲಿನ ಬಣ್ಣ ಮೇಲಿಂದ ಕೆಳಗೆ ಬದಲಾಗ್ತಾ ಬರ್ತಾ ಇದೆ, ಆಯಿ ಪ್ರತಿ ವಾರ ಒಣಗಿದ ಗೆರೆ ಮೇಲೆ ಇದ್ದಲಲ್ಲಿ ಗುರುತು ಹಾಕಿ ಫೋಟೋ ಕಳಿಸ್ತಾರೆ. ಮೊದಲ ಗೆರೆ ಸೊಂಟದ ಎತ್ತರದಲ್ಲಿ ಇತ್ತು, ಮೊನ್ನೆಯದು ಮೊಣಕಾಲಿಗಿಂತ ಕೆಳಗೆ. ಅಪ್ಪ ಬೆಳಿಗ್ಗೆ ಎದ್ದ ಕೂಡ್ಲೇ ಮೊದಲು ಹೋಗಿ ಅಂಗೈ ಇಟ್ಟು ನೋಡೋದು ಆ ಗೋಡೆಯನ್ನೇ.

ಪಕಾಸಿ ಎಂಟರಲ್ಲಿ ಮೂರು ಬದಲಿಸಿದ್ವಿ, ಐದು ಉಳೀತು. ಗ್ಯಾಸ್ ಬಂದು ಹನ್ನೆರಡು ವರ್ಷ, ನೀವು ಹೇಳಿದ್ದು ಸರಿ. ಗಿಲಾಯಿ ದೀಪಾವಳಿ ನಂತರ, ಗಾರೆಕೆಲಸ ಅಣ್ಣ ಒಂದು ದಿನ ಬಂದು ಮೊದಲ ಪದರ ಹಾಕೋದು ತೋರಿಸಿಕೊಟ್ರೆ ದೊಡ್ಡ ಉಪಕಾರ ಆಗ್ತದೆ, ದಿನಗೂಲಿ ಕೊಟ್ಟೇ ಕರೀತೇವೆ. ಪಡುಬದಿಗೆ ತೆಂಗಿನ ಸೋಗೆ ಹೆಣೆದು ತಟ್ಟಿ ರೆಡಿ ಇದೆ.

ಒಂದು ಮಾತ್ರ ಬಾಕಿ. ಬಾಸೆಲ್ ಮಿಷನ್ ಅಚ್ಚಿನ ಹೆಂಚು ಅರವತ್ತು ಕಮ್ಮಿ ಬಿದ್ದಿದೆ, ಸದ್ಯ ತಾಡಪಾಲು ಹೊದೆಸಿದ್ದೇವೆ. ಹೊನ್ನಾವರದಿಂದ ಅಂಕೋಲಾದ ನಡುವೆ ಯಾರಾದ್ರೂ ಹಳೇ ಮನೆ ಬಿಚ್ಚುತ್ತಾ ಇದ್ರೆ ತಿಳಿಸಿ, ನಮ್ಮ ಹೆಂಚು ಒಂದು ಹಿಡ್ಕೊಂಡು ಅವತ್ತೇ ಬರ್ತೇವೆ.